ಜಾಗ ಬದಲಿಸುವ ಮ್ಯಾನೇಜರು

ಯಳಂದೂರಿನಿಂದ ಬೆಟ್ಟದ ಮೇಲಿನ ಕಾಫಿ ತೋಟವೊಂದಕ್ಕೆ ನಾನು ಲಾರಿಯಲ್ಲಿ ದಿನಸಿ ಒಯ್ದು ಮಾರುತ್ತಿದ್ದಾಗ ಅಲ್ಲೊಬ್ಬ ಮ್ಯಾನೇಜರಿದ್ದರು. ಬಲು ಸಾಧು. ಯಾವ ದೂರು ಬಂದರೂ ಕನ್ನಡಕ ಒರೆಸಿಕೊಂಡು, "ಜಾಗ ಬದಲಾಯಿಸಿದ್ರೆ ಆಯ್ತಲ್ಲ" ಅನ್ನುವರು. ಸೂರು ಸೋರಿದರೆ ಮಂಚ ಸರಿಸುವರು, ಹಸು ಒದ್ದರೆ ಕೊಟ್ಟಿಗೆ ಬದಲಿಸುವರು.

ಕತ್ತಲಾದರೆ ಕೆಲಸ ಮಾಡಿಸುವ ಮೇಸ್ತ್ರಿ ಗುಡಿಸಲಿಗೆ ನುಗ್ಗಿ ಮೈ ಮುಟ್ಟುತ್ತಾನೆ ಎಂದು ಹಣ್ಣು ಕೊಯ್ಯುವ ಹೆಂಗಸರು ಹೇಳಿದಾಗಲೂ, ಅವರ ಗುಡಿಸಲುಗಳನ್ನೇ ಕೀಳಿಸಿ ಹಳ್ಳದಾಚೆ ಹಾಕಿಸಿದರು. ಮೇಸ್ತ್ರಿ ಹಳ್ಳ ದಾಟಿದ.

"ಅಷ್ಟೊಂದು ಗುಡಿಸ್ಲು ಕೀಳೋ ಬದ್ಲು ಅವನೊಬ್ಬನ್ನ ಕಿತ್ತಾಕಿ ಸಾ, ಅಗ್ಗ ಬೀಳ್ತದೆ" ಅಂದೆ. ವ್ಯಾಪಾರಿಯ ಬುದ್ಧಿವಾದ ಅವರಿಗೆ ರುಚಿಸಲಿಲ್ಲ.

ಮುಂದಿನ ಸಲ ಹೋದಾಗ ಹೆಂಗಸರೆಲ್ಲ ಮ್ಯಾನೇಜರ ಬಂಗಲೆಯ ಜಗಲಿಯ ಮೇಲೇ ಒಲೆ ಹೂಡಿದ್ದರು.

"ನಾವೇ ಜಾಗ ಬದ್ಲಾಯಿಸ್ಕಂಡ್ವಿ ಸಾ," ಅಂದಳು ಅವರಲ್ಲಿ ಹಿರಿಯಳು. "ಇಲ್ಲಿಗಂಟ ಬರಕಿಲ್ಲ ಅವ್ನು."

ಹೊಗೆಗೆ ಕೆಮ್ಮುತ್ತ ಮ್ಯಾನೇಜರು ಕುರ್ಚಿಯನ್ನು ಹಿತ್ತಲಿಗೆ ಒಯ್ದರು. ಹೆಂಗಸರು ಹಿತ್ತಲಲ್ಲೂ ಒಲೆ ಹೂಡಿದರು.

ಸಂಜೆ ಮೇಸ್ತ್ರಿ ಪೆಟ್ಟಿಗೆ ಹೊತ್ತು ನನ್ನ ಲಾರಿ ಹತ್ತಿದ. ಅಂತೂ ಕೆಲಸದಿಂದ ತೆಗೆದರಲ್ಲ ಎಂದು ನಾನು ಮ್ಯಾನೇಜರಿಗೆ ಕೈ ಮುಗಿದೆ. ದಾರಿಯಲ್ಲಿ ಅವನೇ ಹೇಳಿದ, ಮಾಲೀಕರ ಇನ್ನೊಂದು ತೋಟಕ್ಕೆ ವರ್ಗವಂತೆ. ಅಲ್ಲಿಯೂ ಹಣ್ಣು ಕೊಯ್ಯುವವರು ಹೆಂಗಸರೇ.