ಕ್ಯಾರವಾನಿನಲ್ಲಿ ಬಾವ ಹತ್ತಿಸಿಕೊಂಡವರು

ಬೆಳಗ್ಗೆ ಐದೂವರೆಗೆ ಹಿಂದೂಪುರ ಬಿಟ್ಟೆವು. ಮಂಚ, ಒಲೆ, ಫ್ರಿಜ್ಜು, ಪುಟ್ಟ ಬಚ್ಚಲು ಎಲ್ಲ ಒಳಗೇ ಇರುವ ಕ್ಯಾರವಾನು, ಜೊತೆಗೆ ಡ್ರೈವರ್ ಮಂಜುನಾಥ. ನಾಲ್ಕು ದಿನ ಕಡಲ ಪಕ್ಕದಲ್ಲೇ ಆರಾಮಾಗಿ ಸುತ್ತುವುದು, ಸಂಜೆ ಸಂಜೆ ನಡೆಯುವುದು, ಬೇಕಾದ್ದು ತಿನ್ನುವುದು. ಪ್ಲ್ಯಾನು ನನ್ನದೇ.

ಇದೆಲ್ಲ ರತ್ನಕ್ಕನಿಗಾಗಿ. ಅವಳು ಮತ್ತು ಬಾವ ಹಿಂದಿನ ದಿನವೇ ಕಲ್ಯಾಣದುರ್ಗದಿಂದ ಬಸ್ಸಿನಲ್ಲಿ ಬಂದಿದ್ದರು. ಅಕ್ಕನ ಎರಡೂ ಮೊಣಕಾಲಿಗೆ ಮುಂದಿನ ತಿಂಗಳು ಆಪರೇಷನ್. ಆಮೇಲೆ ಮರಳಿನಲ್ಲಿ ನಡೆಯುವ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಅರವತ್ತು ದಾಟಿದರೂ ಸಮುದ್ರ ನೋಡದವಳು. "ಇರೋ ಕಾಲಾಗೇ ಒಂದ್ಸಲ ಆ ಮರಳ್ಮೇಲೆ ಉದ್ದುಕ್ಕೂ ನಡೀಬೇಕು ಕಣೇ" ಎಂದಿದ್ದಳು. ಬೆಳಗ್ಗೆ ಅವಳ ಮಂಡಿ ಬಿಗಿದುಕೊಂಡಿರುತ್ತದೆ. ಸಂಜೆ ಮಾತ್ರೆ ನುಂಗಿದರೆ ಒಂದು ಗಂಟೆ ನಡೆಯಬಲ್ಲಳು, ಅಷ್ಟೇ.

ನಾನು ಮರೆತದ್ದು ಬಾವನನ್ನು. ಇಪ್ಪತ್ತೆರಡು ವರ್ಷ ಕಲ್ಯಾಣದುರ್ಗ–ಸೆಟ್ಟೂರು ಮಧ್ಯೆ ಷೇರ್ ಜೀಪು ಓಡಿಸಿದ ಮನುಷ್ಯ. ರಸ್ತೆ ಬದಿಯಲ್ಲಿ ಚೀಲ ಹಿಡಿದು ಯಾರಾದರೂ ನಿಂತಿದ್ದರೆ ಅವರ ಕೈ ತಾನಾಗಿ ಬಾಗಿಲಿಗೆ ಹೋಗುತ್ತದೆ. ಮಧುಗಿರಿಗೆ ಮೊದಲೇ ಒಬ್ಬ ಅಜ್ಜಿ ಹತ್ತಿದಳು. ತುಮಕೂರಿಗೆ ಮೊದಲು ಸೊಪ್ಪಿನ ಮೂಟೆ ಸಮೇತ ಇಬ್ಬರು. ನನ್ನ ಹಾಸಿಗೆಯ ಮೇಲೆ ಮೆಂತ್ಯದ ಕಟ್ಟು.

"ಬಾವ, ಇದು ಜೀಪಲ್ಲ."

"ಗೊತ್ತು ಕಣಮ್ಮ. ಜೀಪಾಗಿದ್ರೆ ಇನ್ನೂ ನಾಕು ಜನ ಹಿಡಿಸ್ತಿದ್ರು."

ಹೀಗೆ ಇಳಿಸುತ್ತ ಹತ್ತಿಸುತ್ತ, ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳುತ್ತ ಕಾಪು ಮುಟ್ಟಿದಾಗ ಕತ್ತಲಾಗಿತ್ತು. ಅಕ್ಕ ಕಿಟಕಿಯಿಂದ ಸಮುದ್ರದ ಸದ್ದು ಕೇಳಿಸಿಕೊಂಡು ಮಂಡಿಗೆ ಎಣ್ಣೆ ಹಚ್ಚಿಕೊಂಡಳು.

ಎರಡನೆಯ ದಿನ ಉಡುಪಿಯಲ್ಲಿ ಬನ್ಸ್, ನೀರುದೋಸೆ ಆಯಿತು. ಮಧ್ಯಾಹ್ನ ಗಡ್‌ಬಡ್ ಐಸ್‌ಕ್ರೀಮ್. ಉದ್ದ ಗ್ಲಾಸಿನೊಳಗೆ ಚಮಚ ಆಡಿಸಿ ಅಕ್ಕ, "ಏನೇನೋ ಹಾಕವ್ರೆ, ಕಡ್ಲೆಬೀಜ ಒಂದು ಮರ್ತವ್ರೆ" ಎಂದಳು. ಖಾಲಿ ಮಾಡಿ ಇನ್ನೊಂದು ಹೇಳಿದಳು. ಸಂಜೆ ನಾಲ್ಕೂವರೆಗೆ ಮಾತ್ರೆ ನುಂಗಿದಳು. ಮಲ್ಪೆ ಬೀಚು ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಬುಟ್ಟಿ ಹೊತ್ತ ಮೂವರು ಮೀನು ಮಾರುವವರು ಕಂಡರು. ಬಾವ ಬಾಗಿಲು ತೆರೆದು ತೆಲುಗಿನಲ್ಲಿ "ಎಕ್ಕಂಡಿ, ಎಕ್ಕಂಡಿ" ಎಂದು ಕೈ ಬೀಸಿದರು.

"ಎಂತ ಹೇಳ್ತಾರೆ ಇವರು?" ಎಂದಳು ಒಬ್ಬಳು. "ಹತ್ತುದಾ? ಟಿಕೆಟ್ ಎಷ್ಟು ಮಾರಾಯ್ರೆ?"

ಮೂವರ ಮನೆ ಮೂರು ಕಡೆ. ಎಲ್ಲರನ್ನೂ ಬಿಟ್ಟು ಬೀಚಿಗೆ ಬರುವಷ್ಟರಲ್ಲಿ ಆರೂಕಾಲು. ಅಕ್ಕ ಹತ್ತು ಹೆಜ್ಜೆ ಇಟ್ಟು ಕುಳಿತುಬಿಟ್ಟಳು. ಕ್ಯಾರವಾನ್ ಫೋಟೋ ಹಾಕು ಎಂದು ಗ್ರೂಪಿನಲ್ಲಿ ನೀವೆಲ್ಲ ಕೇಳುತ್ತಿದ್ದಿರಲ್ಲ, ಹಾಸಿಗೆಗೆ ಅಂಟಿದ ಬಂಗುಡೆ ವಾಸನೆ ಫೋಟೋದಲ್ಲಿ ಬರುವುದಿಲ್ಲ.

ಮೂರನೆಯ ದಿನದ ಸಂಜೆಯೇ ಕೊನೆಯದು, ಮರುದಿನ ವಾಪಸ್. ಬಾವನನ್ನು ಹಿಂದಿನ ಸೀಟಿಗೆ ಕಳಿಸಿದೆ. ಕುಂದಾಪುರ ದಾಟಿದ ಮೇಲೆ ಅಕ್ಕ ಮಾತ್ರೆ ತೆಗೆದುಕೊಂಡಳು. ತ್ರಾಸಿಯಲ್ಲಿ ಕಡಲು ರಸ್ತೆಯ ಪಕ್ಕಕ್ಕೇ ಬಂತು. ನಾವು ಹೊರಟಿದ್ದ ಮರವಂತೆ ಬೀಚಿಗೆ ಇನ್ನು ಸ್ವಲ್ಪವೇ ದೂರ. ಆಗ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕ, ಮುದುಕಿ ಕಂಡರು. ಬಾವ ಎದ್ದರು.

"ಮಂಜುನಾಥ, ನಿಲ್ಲಿಸಿದರೆ ನಾನು ಇಲ್ಲೇ ಇಳಿದು ಬಸ್ಸಲ್ಲಿ ಹಿಂದೂಪುರಕ್ಕೆ ಹೋಗ್ತೀನಿ" ಎಂದೆ.

"ವಯಸ್ಸಾದೋರು ಕಣಮ್ಮ" ಎಂದರು ಬಾವ.

"ನಿಲ್ಸಪ್ಪ" ಎಂದಳು ಅಕ್ಕ. ತಿರುಗಿ ನೋಡಿದರೆ ಆಗಲೇ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. "ಅವ್ರು ಹತ್ಲಿ, ನಾನ್ ಇಳೀತೀನಿ. ಏನಂದ್ರೆ, ನೀವು ಯಾರ್ನ ಬೇಕಾದ್ರೂ ಎಲ್ಲಿಗ್ ಬೇಕಾದ್ರೂ ಬಿಟ್ಬನ್ನಿ. ನನ್ ಮಾತ್ರೆ ಕಾಯಲ್ಲ."

ಮುದುಕರ ಊರು ನಾವುಂದವಂತೆ. ಗಾಡಿ ಹೋಯಿತು. ನಾವಿಬ್ಬರೇ ಮರಳಿಗಿಳಿದೆವು.

ಮೊದಲು ಅಕ್ಕ ನನ್ನ ಹೆಗಲು ಹಿಡಿದಿದ್ದಳು. ನೀರಿನ ಅಂಚಿನ ಗಟ್ಟಿ ಮರಳು ಸಿಕ್ಕಿದ ಮೇಲೆ ಬಿಟ್ಟಳು. ಸೀರೆ ಮಂಡಿಯವರೆಗೆ ನೆನೆಯಿತು. "ನಮ್ ಪೆನ್ನಾರ್ ಹೊಳೆಯಾಗೂ ಇಂಗೇ ಕಣೇ ಮರಳು, ನೀರೊಂದು ಇರಲ್ಲ" ಎಂದಳು. ಅವಳ ಚಪ್ಪಲಿ, ನನ್ನ ಚಪ್ಪಲಿ, ಫೋನು, ನೀರಿನ ಬಾಟಲಿ ಎಲ್ಲ ನನ್ನ ಕೈಯಲ್ಲಿ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ನನ್ನ ಹಿಮ್ಮಡಿ ಸಿಡಿಯತೊಡಗಿತು. ಅಕ್ಕ ನಿಲ್ಲಲಿಲ್ಲ.

ಕ್ಯಾರವಾನು ವಾಪಸ್ಸು ಬಂದು ಪಕ್ಕದ ರಸ್ತೆಯಲ್ಲಿ ನಿಧಾನ ಮಾಡಿತು. ಬಾವ ಬಾಗಿಲಲ್ಲಿ ಜೋತುಬಿದ್ದಿದ್ದರು. "ರತ್ನಾ, ಹತ್ತು. ಕಾಲು ಊದ್ಕೊಂತದೆ. ಸೀಟೆಲ್ಲ ಖಾಲಿ ಐತೆ."

ಅಕ್ಕ ನಡೆಯುತ್ತಲೇ ಕೈ ಎತ್ತಿದಳು. "ನೀವ್ ಹೋಗ್ರಿ. ಮುಂದಿನ ಟ್ರಿಪ್ಪಿಗೆ ಬತ್ತೀನಿ."

ಬಾವನ ಕಣ್ಣು ಅವಳ ಕಾಲಿನ ಮೇಲೇ ಇತ್ತು. ನನ್ನ ಕಾಲು ಬಿದ್ದುಹೋಗ್ತಿದೆ, ನನ್ನನ್ನಾದರೂ ಹತ್ತಿಸಿಕೊಳ್ಳಿ ಎಂದು ನಾನು ಕೂಗಿದೆ.

"ನೀನು ಅವಳ ಜೊತೆಗಿರು ಕಣಮ್ಮ" ಎಂದು ಬಾವ ಬಾಗಿಲು ಹಾಕಿಕೊಂಡರು. ಅಕ್ಕ ಆಗಲೇ ಇಪ್ಪತ್ತು ಹೆಜ್ಜೆ ಮುಂದಿದ್ದಳು. ಎರಡು ಜೊತೆ ಚಪ್ಪಲಿ ಹಿಡಿದುಕೊಂಡು ಅವಳ ಹಿಂದೆ ಓಡಿದೆ.