ಬೆಟ್ಟ ಇಳಿಸಿದವರು

ಹೋದ ವಾರ ಚಾಮುಂಡಿ ಬೆಟ್ಟ ಇಳಿಯುವಾಗ ಕಾರಿನೊಳಗೆ ಸುಟ್ಟ ವಾಸನೆ ಬಂತು. ಕಾರು ಓಡಿಸುತ್ತಿದ್ದವನು ಮಗ.

"ಬ್ರೇಕಿಂದು ಕಣೋ, ಗೇರ್ ಇಳಿಸು" ಎಂದೆ.

"ಗೊತ್ತಪ್ಪಾ, ನೀನು ಜಬಲ್ ಅಖ್ದರ್ ಬೆಟ್ಟದಿಂದಲೇ ಗಾಡಿ ಇಳಿಸಿದೋನಲ್ವಾ!" ಎಂದು ನಕ್ಕ.

ನಾನು ಕಿಟಕಿಯ ಗಾಜು ಇಳಿಸಿದೆ…

ಅದು ಎರಡು ಸಾವಿರದ ದಶಕ. ಅವನಿಗಾಗ ಐದೋ ಆರೋ ವರ್ಷ. ನಾನು ಕೆಲಸದಲ್ಲಿದ್ದ ಒಮಾನಿನ ಮಸ್ಕತ್ತಿನಲ್ಲಿ, ವಾದಿ ಕಬೀರ್ ಬಡಾವಣೆಯ ನಮ್ಮ ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದರು. ಜಬಲ್ ಅಖ್ದರ್‌ನಿಂದ ಬ್ರೇಕು ಸುಟ್ಟುಕೊಂಡು ಬಂದ ಎಷ್ಟೋ ಗಾಡಿಗಳನ್ನು ರಿಪೇರಿ ಮಾಡಿದ್ದವರು ಆ ಬೆಟ್ಟವನ್ನು ಮಾತ್ರ ನೋಡಿರಲಿಲ್ಲ. ಒಂದು ಶುಕ್ರವಾರ, ರಜೆಯ ದಿನ, ಆಫೀಸಿನವರೆಲ್ಲ ಅಲ್ಲಿಗೆ ಹೊರಟಾಗ ಅವರನ್ನೂ ನಮ್ಮ ಗಾಡಿಗೆ ಕರೆದೆ. ಪ್ರೀತಿಯಿಂದಲೋ, ಮೆಕ್ಯಾನಿಕ್ ಜೊತೆಗಿದ್ದರೆ ಧೈರ್ಯವೆಂದೋ… ಈಗ ಖಚಿತವಾಗಿ ಹೇಳಲಾರೆ.

ತಪ್ಪಲಿನಲ್ಲಿ ಪೊಲೀಸರು ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಿದ್ದರು. ತಿರುವಿನ ಮೇಲೆ ತಿರುವು ಏರಿದಂತೆ ಸೆಕೆ ಹೋಗಿ ತಣ್ಣನೆ ಗಾಳಿ ಬೀಸಿತು. ಬೋಳು ಬಂಡೆಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ದಾಳಿಂಬೆ ತೋಟಗಳು ಕಂಡವು.

"ಇಷ್ಟು ವರ್ಷ ಇದರ ಧೂಳು ಮಾತ್ರ ಒರೆಸಿದ್ದು ನಾನು" ಎಂದರು ಅವರು.

ಸಂಜೆ ಇಳಿಯುವಾಗ ಆಫೀಸಿನವರ ಗಾಡಿಗಳು ಮುಂದೆ ಹೋಗಿದ್ದವು. "ಸಾರ್, ಗೇರು ಒಂದಕ್ಕೆ ಹಾಕಿ" ಎಂದು ಅವರು ಎರಡು ಸಲ ಹೇಳಿದರು. ಊಟಿ ಘಾಟಿಯಲ್ಲಿ ಓಡಿಸಿದವನು ನಾನು, ಕೇಳಲಿಲ್ಲ. ವಾಸನೆ ಬಂತು. ಆಮೇಲೆ ಪೆಡಲು ಕಾಲಡಿ ಸಡಿಲವಾಯಿತು. ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ನಿದ್ದೆಹೋದ ಮಗ. ಪಕ್ಕದಲ್ಲಿದ್ದ ಅವರೇ ಕೈ ಚಾಚಿ ಗೇರು ಇಳಿಸಿದರು. ಗಾಡಿ ನರಳುತ್ತ ಬಂಡೆಗೆ ಒತ್ತಿ ನಿಂತಿತು.

ನೀರಿನ ಬಾಟಲಿ ಹಿಡಿದು ಚಕ್ರದತ್ತ ಓಡಿದೆ.

"ಬೇಡ ಮಾರಾಯ್ರೇ, ಕಾದ ಡಿಸ್ಕು ಬಿರಿದೀತು! ಅದರಷ್ಟಕ್ಕೆ ತಣಿಯಲಿ. ನೀವೂ ಸ್ವಲ್ಪ ತಣಿಯಿರಿ."

ನಾನೇ ಕೀಲಿ ಕೊಟ್ಟೆನೋ, ಅವರೇ ಕೇಳಿದರೋ ನೆನಪಿಲ್ಲ. ತಣಿದ ಮೇಲೆ ಓಡಿಸಿದವರು ಅವರು. ಬ್ರೇಕಿಗೆ ಕಾಲು ಸೋಕಿಸಿದ್ದೇ ಅಪರೂಪ. ಕೊನೆಯ ತಿರುವಿನ ಮೊದಲು ಗಾಡಿ ನಿಲ್ಲಿಸಿ ಇಳಿದರು.

"ಇನ್ನು ನೀವೇ ಓಡಿಸಿ ಸಾರ್. ಕೆಳಗೆ ನಿಮ್ಮ ಆಫೀಸಿನವರು ಕಾಯ್ತಾ ಇರ್ತಾರೆ."

ಚಹಾ ಅಂಗಡಿಯ ಮುಂದೆ ಕಾಯುತ್ತಿದ್ದವರು ಸ್ಟೇರಿಂಗ್ ಹಿಂದೆ ನನ್ನನ್ನು ಕಂಡು ಚಪ್ಪಾಳೆ ತಟ್ಟಿದರು. "ಏನ್ರೀ, ಮೈಸೂರಿನೋರು ಬೆಟ್ಟ ಗೆದ್ದುಬಿಟ್ರಲ್ಲ!" ಆಗಷ್ಟೇ ಎದ್ದ ಮಗ ನನ್ನನ್ನೇ ನೋಡುತ್ತಿದ್ದ. ನಾನು ನಕ್ಕೆ. ಮೆಕ್ಯಾನಿಕ್ ಟಯರಿನ ಪಕ್ಕ ನಿಂತು ಚಹಾ ಕುಡಿದರು. ಹೆಂಡತಿ ಅಂದೂ ಏನೂ ಅನ್ನಲಿಲ್ಲ, ಆಮೇಲೂ.

ಆ ದಿನದ ಡೈರಿ ಇನ್ನೂ ನನ್ನ ಬಳಿ ಇದೆ. ದಾಳಿಂಬೆ ಇದೆ, ತಣ್ಣನೆ ಗಾಳಿ ಇದೆ, ಬುತ್ತಿಯ ಪುಳಿಯೋಗರೆಯೂ ಇದೆ. ಇಳಿಸಿದವರು ಯಾರು ಎಂಬುದೊಂದಿಲ್ಲ. ನೆನಪು ಮೋಸ ಮಾಡುತ್ತದೆ ಎಂದುಕೊಂಡೇ ಡೈರಿ ಬರೆಯುತ್ತಿದ್ದವನು ನಾನು…

"ಬದಿಗೆ ನಿಲ್ಲಿಸು" ಎಂದೆ ಮಗನಿಗೆ. ಎಲ್ಲ ಹೇಳಿದೆ. ಅವನು ನನ್ನ ಕಡೆ ತಿರುಗಿದ.

"ಅವರ ಹತ್ರ ಒಂದ್ ಮಾತು ಹೇಳಿದ್ಯಾ, ಆಮೇಲಾದ್ರೂ?"

ಇಲ್ಲ. ಅವರು ಊರಿಗೆ ಮರಳಿ, ತೀರಿಕೊಂಡು ವರ್ಷಗಳಾದವು. ಸುದ್ದಿ ಬಂದ ದಿನವೂ ನಾನು ಮನೆಯಲ್ಲಿ ಆ ಬೆಟ್ಟದ ಮಾತು ಎತ್ತಿರಲಿಲ್ಲ.

ಮಗ ನೀರಿನ ಬಾಟಲಿ ಎತ್ತಿಕೊಂಡು ಚಕ್ರದ ಕಡೆ ಹೊರಟ. ಬೇಡ ಎಂದೆ. ಅದರಷ್ಟಕ್ಕೆ ತಣಿಯುವ ತನಕ ಇಬ್ಬರೂ ರಸ್ತೆ ಬದಿಯಲ್ಲಿ ನಿಂತಿದ್ದೆವು.