ಒಂದನ್ನು ಅಳಿಸಲೇ ಎಂದು ಕೇಳಿ, ಎಲ್ಲವನ್ನೂ ಅಳಿಸಿತು

ಬೆಳಗಿನ ಐದು ಗಂಟೆ. ಕೊಳ್ಳೇಗಾಲದ ಮಗ್ಗದ ಮನೆಗಳ ಬೀದಿಯೊಂದರಲ್ಲಿ, ಹಿತ್ತಿಲ ಕಡೆಗಿರುವ ಒಂಟಿ ಕೋಣೆಯ ಕಿಟಕಿಗೆ ಶಿವಕುಮಾರಸ್ವಾಮಿ ಹಳೆಯ ಕಂಬಳಿ ನೇತುಹಾಕುತ್ತಿದ್ದಾರೆ. ಹೊರಗಿನ ಸದ್ದು ಒಳಗೆ ಬರಬಾರದು. ಫ್ಯಾನ್ ಆರಿಸುತ್ತಾರೆ. ಕೋಣೆ ಕತ್ತಲೆಯಾಗಿಯೇ ಇದೆ. ಅವರ ಬಗ್ಗೆ ಬರೆಯಲು ನಾನು ಬಂದಿರುವುದು ನೆನಪಾಗಿ, ಗೋಡೆ ತಡವಿ ದೀಪ ಹಾಕುತ್ತಾರೆ. ಆಮೇಲೆ ಮೈಕಿನ ಮುಂದೆ ಕುಳಿತು, ತೊಡೆಯ ಮೇಲೆ ದಪ್ಪನೆಯ ಬ್ರೈಲ್ ಪುಸ್ತಕ ಬಿಡಿಸಿಕೊಂಡು, ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಓದತೊಡಗುತ್ತಾರೆ: ದ್ವಿತೀಯ ಪಿಯುಸಿ, ಇತಿಹಾಸ, ಮೂರನೆಯ ಪಾಠ.

ಆರೂವರೆಗೆ ಪಕ್ಕದ ಮನೆಯ ಮಗ್ಗ ಶುರುವಾಗುತ್ತದೆ. ಅಷ್ಟರೊಳಗೆ ಆದಷ್ಟೇ ಆ ದಿನದ ಕೆಲಸ. ಇವತ್ತು ಐದು ಪುಟ ಆಗಿದೆ. ಎರಡು ಕಡೆ ನಾಯಿ ಬೊಗಳಿದ್ದರಿಂದ ಒಂದೂವರೆ ಪುಟ ಮತ್ತೆ ಓದಬೇಕು.

ಸ್ವಾಮಿಯವರಿಗೆ ನಲವತ್ತಾರು ವರ್ಷ. ಊರು ಸತ್ತೇಗಾಲ. ಎಂಟನೆಯ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋದವು. ಮೈಸೂರಿನಲ್ಲಿ ಬ್ರೈಲ್ ಕಲಿತು, ಬಿ.ಎ. ಮುಗಿಸಿ ಬಂದು, ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಎಸ್‌ಟಿಡಿ ಬೂತ್ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬೂತ್ ಮುಚ್ಚಿತು. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ಕಲಿತರು. ಹನೂರು, ಯಳಂದೂರು, ಕೊಳ್ಳೇಗಾಲದ ಕಡೆ ಕಣ್ಣು ಕಾಣದ ಮಕ್ಕಳು ಓದುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ಇವರು ಯೋಚಿಸಿದರು. ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ, ಮೆಮೊರಿ ಕಾರ್ಡಿಗೆ ಹಾಕಿ, ಬಸ್ಸಿನಲ್ಲಿ ಹೋಗಿ ಮಕ್ಕಳ ಕೈಗೆ ಕೊಟ್ಟು ಬರುವ ಕೆಲಸ ಹಿಡಿದರು. ಹನ್ನೊಂದು ವರ್ಷದಲ್ಲಿ ಮೂವತ್ತೆಂಟು ಮಕ್ಕಳು ಇವರ ಪಾಠ ಕೇಳಿ ಪರೀಕ್ಷೆ ಬರೆದಿದ್ದಾರೆ.

ಓದುತ್ತಿದ್ದವರು ಹೆಚ್ಚಾಗಿ ಪುಟ್ಟಮಲ್ಲಮ್ಮ. ಯಳಂದೂರಿನ ನಿವೃತ್ತ ಶಿಕ್ಷಕಿ. ವಾರಕ್ಕೆ ಎರಡು ದಿನ ಮೊದಲ ಬಸ್ಸಿಗೆ ಬಂದು, ಮಗ್ಗ ಶುರುವಾಗುವವರೆಗೆ ಓದಿ ಹೋಗುತ್ತಿದ್ದರು. ಏಳು ವರ್ಷ ಹಾಗೆ ಬಂದರು. ಕೆಮ್ಮು ಬಂದರೆ ನಿಲ್ಲಿಸಿ, ‘ಒಸಿ ತಾಳ್ರಪ್ಪಾ ಮಕ್ಕಳೇ’ ಎನ್ನುತ್ತಿದ್ದರಂತೆ. ಸ್ವಾಮಿ ಅದನ್ನು ಕತ್ತರಿಸದೆ ಹಾಗೆಯೇ ಬಿಡುತ್ತಿದ್ದರು. ಎರಡು ವರ್ಷದ ಹಿಂದೆ ಪುಟ್ಟಮಲ್ಲಮ್ಮ ತೀರಿಕೊಂಡರು. ಅಷ್ಟು ಹೊತ್ತಿಗೆ ಒಟ್ಟು ಸಾವಿರದ ನೂರಿಪ್ಪತ್ತಾರು ಪಾಠ ಆಗಿದ್ದವು. ಎಲ್ಲವೂ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಹಾರ್ಡ್ ಡಿಸ್ಕಿನಲ್ಲಿ. ಇನ್ನೊಂದು ಪ್ರತಿಯಿದ್ದ ಡಿಸ್ಕು ಅದಕ್ಕೂ ಮೊದಲೇ ಬಸ್ಸಿನಲ್ಲಿ ಕೈಜಾರಿ ಬಿದ್ದು ಹಾಳಾಗಿತ್ತು. ಹೊಸದು ತರಬೇಕು ಅಂದುಕೊಳ್ಳುತ್ತಲೇ ದಿನ ಕಳೆದಿದ್ದವು.

ಅದು ನಡೆದದ್ದು ಹೋದ ವರ್ಷ ಆಷಾಢದಲ್ಲಿ. ಅಜ್ಜೀಪುರದ ಧನುಶ್ರೀ ಎಂಬ ವಿದ್ಯಾರ್ಥಿನಿ ಫೋನ್ ಮಾಡಿ, ಎಷ್ಟು ಪಾಠ ಸಿದ್ಧವಿವೆ ಎಂದು ಕೇಳಿದ್ದಳು. ಎಣಿಕೆ ತಿಳಿಯಲೆಂದು ಸ್ವಾಮಿ ಕಡತಗಳ ಪಟ್ಟಿ ತೋರಿಸುವ ಫೈಲ್ ಮ್ಯಾನೇಜರಿನಲ್ಲಿ ಎಲ್ಲ ಫೋಲ್ಡರುಗಳಿಗೂ ಗುರುತು ಹಾಕಿದರು, ಎಣಿಕೆ ಕೇಳಿಸಿಕೊಂಡರು, ಅವಳಿಗೆ ಹೇಳಿದರು. ಆಮೇಲೆ ಪಟ್ಟಿಯ ಕೊನೆಗೆ ಬಂದಾಗ, ಎರಡು ಸಲ ಧ್ವನಿಮುದ್ರಣವಾಗಿದ್ದ ಒಂದು ಇತಿಹಾಸದ ಪಾಠ ಸಿಕ್ಕಿತು. ಅದನ್ನು ತೆಗೆದುಹಾಕಲು ಡಿಲೀಟ್ ಒತ್ತಿದರು. ಕಂಪ್ಯೂಟರು ಆ ಒಂದು ಪಾಠದ ಹೆಸರು ಹೇಳಿ, ಇದನ್ನು ಕಸದಬುಟ್ಟಿಗೆ ಹಾಕಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಸ್ವಾಮಿ ಇನ್ನೊಮ್ಮೆ ಓದಿಸಿ ಕೇಳಿದರು. ಅದೇ ಹೆಸರು, ಅದೇ ಪ್ರಶ್ನೆ. ಎಂಟರ್ ಒತ್ತಿದರು.

ಮೊದಲು ಹಾಕಿದ್ದ ಗುರುತುಗಳು ಹಾಗೆಯೇ ಉಳಿದಿದ್ದವು. ಪ್ರಶ್ನೆಯಲ್ಲಿ ಬಂದದ್ದು ಕರ್ಸರ್ ನಿಂತಿದ್ದ ಕಡತದ ಹೆಸರು ಮಾತ್ರ. ಅಳಿಸಿಹೋದದ್ದು ಗುರುತು ಬಿದ್ದಿದ್ದ ಎಲ್ಲವೂ. ಕಣ್ಣಿದ್ದವರಿಗೆ ಪರದೆಯ ಮೇಲೆ ಇಡೀ ಪಟ್ಟಿ ನೀಲಿಯಾಗಿರುವುದು ಕಂಡು ಕೈ ತಡೆಯುತ್ತಿತ್ತೇನೋ. ಇನ್ನೂ ಒಂದಿದೆ. ಹೊರಗಿನಿಂದ ಸಿಕ್ಕಿಸಿದ ಡಿಸ್ಕಿನಿಂದ ಅಳಿಸಿದ್ದು ಆ ಫೈಲ್ ಮ್ಯಾನೇಜರಿನಲ್ಲಿ, ಬೇಕಾದರೆ ಮತ್ತೆ ತೆಗೆಯಬಹುದಾದ ಕಸದಬುಟ್ಟಿಗೆ ಹೋಗುವುದೇ ಇಲ್ಲ. ನೇರವಾಗಿ ಹೋಗಿಬಿಡುತ್ತದೆ.

“ನಿಮ್ಗಾದ್ರೆ ಕಣ್ಗೆ ಕಾಣ್ತದ ಸಾ,” ಎನ್ನುತ್ತಾರೆ ಸ್ವಾಮಿ. “ನಂಗೆ ಅದು ಯೋಳಿದ್ದೇ ನಿಜ. ಎರಡ್ ಸಲ ಕೇಳ್ದೆ. ಎರಡ್ ಸಲಾನೂ ಒಂದೇ ಅಂತ್ಲೇ ಯೋಳ್ತು.”

ಹೋದದ್ದು ಒಂದೇ ಎಂದು ನಂಬಿದ್ದರಿಂದ ಅವರು ಡಿಸ್ಕನ್ನು ತೆಗೆದಿಡಲಿಲ್ಲ. ಮೂರು ದಿನ ಬೆಳಿಗ್ಗೆ ಎಂದಿನಂತೆ ಅದೇ ಡಿಸ್ಕಿಗೆ ಹೊಸ ಪಾಠಗಳನ್ನು ಧ್ವನಿಮುದ್ರಿಸಿದರು. ನಾಲ್ಕನೆಯ ದಿನ ಹಳೆಯ ಪಾಠವೊಂದನ್ನು ಹುಡುಕಿದಾಗ ಸಿಗಲಿಲ್ಲ. ಪಟ್ಟಿಯ ಮೇಲಿಂದ ಕೆಳಗೆ ಬಂದರೆ ಕಂಪ್ಯೂಟರು ಮೂರೇ ಹೆಸರು ಹೇಳಿ ಸುಮ್ಮನಾಯಿತು. ಅವರು ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರು. ಆಗಲೂ ಮೂರೇ.

ರಿಪೇರಿ ಅಂಗಡಿಯ ಮಾದೇಶ್ ಎರಡು ದಿನ ಡಿಸ್ಕಿನ ಜೊತೆ ಗುದ್ದಾಡಿದರು. ಅಳಿಸಿದ ತಕ್ಷಣ ತಂದಿದ್ದರೆ ಮುಕ್ಕಾಲು ಪಾಲು ಎತ್ತಬಹುದಿತ್ತು ಎಂದು ಅವರು ನನಗೆ ಬೇರೆಯಾಗಿ ಹೇಳುತ್ತಾರೆ. ಮೂರು ದಿನದ ಹೊಸ ಧ್ವನಿಮುದ್ರಣ ಹಳೆಯದರ ಮೇಲೆ ಕೂತುಬಿಟ್ಟಿತ್ತು. ಅದನ್ನು ಸ್ವಾಮಿಯವರಿಗೆ ಹೇಳಲು ಬಾಯಿ ಬರಲಿಲ್ಲವಂತೆ. ಆದರೆ ಸ್ವಾಮಿಯೇ ಕೇಳಿದರು: “ನಾನೇ ಅಳಿಸ್ಬುಟ್ನಾ ಮಾದೇಶಾ?” ಮಾದೇಶ್ ಹೂಂ ಎಂದರು. ಸಿಕ್ಕಿದ್ದು ತೊಂಬತ್ತೊಂದು ತುಣುಕು. ಅವುಗಳಲ್ಲಿ ಪುಟ್ಟಮಲ್ಲಮ್ಮನ ದನಿ ಇದ್ದದ್ದು ನಾಲ್ಕರಲ್ಲಿ. ಒಂದೂ ಒಂದು ನಿಮಿಷ ದಾಟುವುದಿಲ್ಲ.

ಮಕ್ಕಳ ಬಳಿ ಇರಬಹುದೆಂದು ಸ್ವಾಮಿ ಊರೂರು ತಿರುಗಿದರು. ಕೋಲು ಹಿಡಿದು, ಬಸ್ಸು ಬದಲಿಸುತ್ತ, ಎರಡು ತಿಂಗಳಲ್ಲಿ ಇಪ್ಪತ್ತಾರು ಮನೆಗೆ ಹೋಗಿಬಂದರು. ಕಾರ್ಡುಗಳು ಚಿಕ್ಕವು, ಒಂದು ವರ್ಷದ ಪಾಠಕ್ಕಷ್ಟೇ ಜಾಗ. ಪರೀಕ್ಷೆ ಮುಗಿದ ಕೂಡಲೇ ಹಳೆಯದನ್ನು ಅಳಿಸಿ, ಮುಂದಿನದಕ್ಕೆ ಜಾಗ ಮಾಡಿಡಿ ಎಂದು ಅವರೇ ಎಲ್ಲರಿಗೂ ಹೇಳಿಕೊಟ್ಟಿದ್ದರು. ಮಕ್ಕಳು ಹೇಳಿದ ಮಾತು ಕೇಳಿದ್ದರು. ಎಲ್ಲ ಸೇರಿ ಸಿಕ್ಕಿದ್ದು ಅರವತ್ತು ಪಾಠ, ಎಲ್ಲವೂ ಸ್ವಾಮಿಯವರೇ ಓದಿದವು. ಹೆಚ್ಚಿನವು ಈಗ ಬದಲಾಗಿರುವ ಪಠ್ಯದವು.

ಯಳಂದೂರಿಗೆ ಹೋಗುವುದನ್ನು ಮಾತ್ರ ಅವರು ಮುಂದೂಡುತ್ತ ಬಂದರು. ಪುಟ್ಟಮಲ್ಲಮ್ಮನ ಮಗಳು ಸುವರ್ಣಮ್ಮ ತಾಯಿಯ ವರ್ಷದ ಕಾರ್ಯಕ್ಕೆ ಮೊದಲು ಫೋನ್ ಮಾಡಿ, ಅವ್ವನ ದನಿಯ ಒಂದು ಪಾಠ ಯಾವುದಾದರೂ ಕೊಡಿ, ಮನೆಯಲ್ಲಿ ಎಲ್ಲರೂ ಕೇಳುತ್ತೇವೆ ಎಂದಿದ್ದರು. ಅವರ ಫೋನಿನಲ್ಲಿ ತಾಯಿಯ ಫೋಟೋಗಳಿದ್ದವು, ದನಿ ಇರಲಿಲ್ಲ. ಕಾರ್ಯದ ಹಿಂದಿನ ದಿನ ಸ್ವಾಮಿ ಹೊರಟರು. ನಡೆದದ್ದನ್ನೆಲ್ಲ ಜಗುಲಿಯ ಮೇಲೆ ಕುಳಿತು ಹೇಳಿದರು. ಉಳಿದ ನಾಲ್ಕರಲ್ಲಿ ಉದ್ದನೆಯದನ್ನು ಹಾಕಿದರು. ಮಣ್ಣಿನ ಸವಕಳಿಯ ಪಾಠ, ನಲವತ್ತು ಸೆಕೆಂಡು, ವಾಕ್ಯದ ನಡುವೆ ಕತ್ತರಿಸಿದೆ. ಸುವರ್ಣಮ್ಮ ಇನ್ನೊಮ್ಮೆ ಹಾಕಿ ಎಂದರು. ಮೂರನೆಯ ಸಲ ಹಾಕಲು ಹೋದಾಗ ಕೈ ಹಿಡಿದು ತಡೆದರು. “ಬ್ಯಾಡ ಬುಡಿ ಸಾಮಿ. ಆಕಡೆ ಏನೋ ಯೋಳಾಕೋಗ್ತಳ, ಅಷ್ಟ್ರಲ್ಲಿ ನಿಂತೋಯ್ತದ.” ಊಟ ಮಾಡಿಕೊಂಡು ಹೋಗಿ ಎಂದರು. ಎಲೆಯ ಮುಂದೆ ಕೂತು ಅರ್ಧಕ್ಕೇ ಎದ್ದೆ ಎನ್ನುತ್ತಾರೆ ಸ್ವಾಮಿ. ಆಮೇಲೆ ಆ ಮನೆಗೆ ಹೋಗಿಲ್ಲ.

ಆ ಫೈಲ್ ಮ್ಯಾನೇಜರ್ ಮಾಡಿದವರಿಗೆ ಅವರು ಇಮೇಲ್ ಬರೆದರು. ಎರಡು ದಿನ ಹಿಡಿಯಿತು, ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಬೇಕಿತ್ತು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಅದನ್ನು ಕಂಪ್ಯೂಟರಿನಿಂದ ನನಗೂ ಓದಿಸಿ ಕೇಳಿಸುತ್ತಾರೆ. ಇದೇ ದೂರನ್ನು ಬೇರೊಬ್ಬರು ಏಳು ವರ್ಷದ ಹಿಂದೆಯೇ ಕೊಟ್ಟಿದ್ದಾರೆ, ನಿಮ್ಮದನ್ನು ಅದರ ಜೊತೆ ಸೇರಿಸಿದ್ದೇವೆ, ವಂದನೆಗಳು. ಯಂತ್ರದ ದನಿ ಓದಿ ಮುಗಿಸಿದ ಮೇಲೆ ಅವರು ಇಮೇಲನ್ನು ಮುಚ್ಚುತ್ತಾರೆ. “ಏಳ್ ವರ್ಸ ಸಾ,” ಎನ್ನುತ್ತಾರೆ. “ಅವತ್ತೇ ಸರಿ ಮಾಡಿದ್ರೆ ಟೀಚರಮ್ಮ ಇರೋರು ಈ ಡಿಸ್ಕಲ್ಲಿ.”

ಈಗ ಅವರ ಹತ್ತಿರ ಓದುವವರಿಲ್ಲ. ಕಾಲೇಜಿನ ಇಬ್ಬರು ಮೂರು ದಿನ ಬಂದು ಬಿಟ್ಟರು. ಬ್ರೈಲಿನಲ್ಲಿ ಸಿಗುವ ಪುಸ್ತಕಗಳನ್ನಷ್ಟೇ ತಾವೇ ಓದುತ್ತಾರೆ. ತಿಂಗಳಿಗೆ ಹದಿಮೂರು ಪಾಠ ಆದರೆ ಹೆಚ್ಚು. ಹಳೆಯ ಲೆಕ್ಕ ಮುಟ್ಟಲು ಏಳು ವರ್ಷಕ್ಕೂ ಮೀರಿ ಬೇಕು, ಅಷ್ಟರಲ್ಲಿ ಪಠ್ಯ ಮತ್ತೆ ಬದಲಾಗುತ್ತದೆ. ಅದು ಅವರಿಗೂ ಗೊತ್ತು. ಧನುಶ್ರೀ ಈ ವರ್ಷ ಇತಿಹಾಸದಲ್ಲಿ ಫೇಲಾದಳು. ಅವಳಿಗೆ ಕೊಡಬೇಕಿದ್ದ ಹದಿನೆಂಟು ಪಾಠಗಳಲ್ಲಿ, ಬೇರೆ ಮಕ್ಕಳ ಪಾಠಗಳ ನಡುವೆ, ಪರೀಕ್ಷೆಯ ಹೊತ್ತಿಗೆ ತಲುಪಿದ್ದು ಐದು. ಮತ್ತೆ ಪರೀಕ್ಷೆ ಕಟ್ಟಿಲ್ಲವಂತೆ. ಇವರು ಫೋನ್ ಮಾಡಿದರೆ ಅವಳ ತಾಯಿ ಎತ್ತಿ, ಮಗಳು ಮಲಗಿದ್ದಾಳೆ ಎನ್ನುತ್ತಾರೆ. ಆದರೂ ಅವಳಿಗಾಗಿಯೇ ಇವತ್ತು ಮೂರನೆಯ ಪಾಠ ಓದಿದ್ದು.

ಮಗ್ಗದ ಸದ್ದು ಶುರುವಾಗಿದೆ. ಸ್ವಾಮಿ ಮೈಕನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಾರೆ. ಯಾರಿಂದಲಾದರೂ ಏನಾದರೂ ಆಗಬೇಕಿದೆಯೇ ಎಂದು ಕೇಳುತ್ತೇನೆ. ಡಿಸ್ಕು ಕೇಳುತ್ತಾರೆ, ಓದುವವರನ್ನು ಕೇಳುತ್ತಾರೆ ಅಂದುಕೊಂಡಿದ್ದೆ.

“ಅಳಿಸೋಕೆ ಮುಂಚೆ ಎಷ್ಟು ಓಯ್ತವೆ, ತಿರ್ಗಾ ಬತ್ತವಾ ಇಲ್ವಾ, ಅಷ್ಟು ನಿಜ ಯೋಳ್ಬುಟ್ರೆ ಸಾಕು ಸಾ,” ಎನ್ನುತ್ತಾರೆ. “ಬ್ಯಾಡ ಅನ್ನಾಕೆ ನಂಗೂ ಬತ್ತಿತ್ತು.”